ಕಪ್ಪಿರುವೆ ಗೂಡೊಳಗೆ ಕಂದು ಮರಕುಟಿಗ ಸಂಸಾರ ಹೂಡಿದೆ, ಮೆಣಸು ಕೊಯ್ಲು ಹತ್ತಿರ ಬಂತು. ಏನು ಮಾಡಲಿ?

ತೋಟದಮನೆ (ಮೂಡಿಗೆರೆ ಕಡೆ)

ಹಕ್ಕಿ ಬಲ್ಲವರು ಸ್ವಲ್ಪ ಬೇಗ ಉತ್ತರ ಕೊಡಿ, ಟೈಮ್ ಜಾಸ್ತಿ ಇಲ್ಲ. ನಮ್ಮ ರೋಬಸ್ಟಾ ಕಾಫಿ ಪಟ್ಟೆಯಲ್ಲಿ ಒಂದು ಹಳೇ ಬಸರಿ ಮರ ಇದೆ. ಅದರ ಕವಲಲ್ಲಿ ಕಪ್ಪಿರುವೆ ಗೂಡು, ಎರಡು ಕೈ ಸೇರಿಸಿ ತಬ್ಬುವಷ್ಟು ದೊಡ್ಡದು. ಈಗ ಆ ಗೂಡಿನ ಪಕ್ಕಕ್ಕೆ ದುಂಡಗೆ ಒಂದು ತೂತು ಬಿದ್ದಿದೆ. ಮೈನಾಕ್ಕಿಂತ ಸ್ವಲ್ಪ ದೊಡ್ಡದಾದ ಹಕ್ಕಿಯೊಂದು ಹೋಗಿ ಬಂದು ಮಾಡುತ್ತಿದೆ. ಮೈಯೆಲ್ಲ ಕಂದು, ರೆಕ್ಕೆ ಮತ್ತು ಬಾಲದ ಮೇಲೆ ಕಪ್ಪು ಅಡ್ಡಗೆರೆ. ತಲೆ ಮೇಲೆ ಕೆಂಪು ಜುಟ್ಟಿಲ್ಲ, ಬೆನ್ನು ಹಳದಿಯಿಲ್ಲ. ಆದರೂ ಕಾಂಡಕ್ಕೆ ಬಾಲ ಊರಿ ಕೂರುವ ರೀತಿ ನೋಡಿದರೆ ಮರಕುಟಿಗ ಅಂತ ಅನುಮಾನವೇ ಇಲ್ಲ.

ಇರುವೆ ತಿನ್ನಲು ಬಂದಿದ್ದರೆ ತಿಂದು ಹೋಗಬೇಕು ಅಲ್ವಾ? ಇದು ಒಳಗೆ ಹೋದರೆ ಹೊರಗೆ ಬರುವುದೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಜೊತೆಯದು ಬರುತ್ತದೆ, ಆಗ ಇದು ಹೊರಗೆ ಹಾರುತ್ತದೆ. ಇರುವೆಗಳೋ ಗೂಡಿನ ಮೇಲೆಲ್ಲ ಓಡಾಡಿಕೊಂಡೇ ಇವೆ. ಅದೇ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ. ಕೊಯ್ಲಿನವರು ಬರುವ ವಾರ ಬರುತ್ತಾರೆ, ಅವರು ಏಣಿ ಇಡುವ ಮೊದಲು ಕೇಳುವುದೇ "ಗೂಡು ಸುಟ್ಟಿದ್ದೀರಾ" ಅಂತ.

ಹಕ್ಕಿಹುಚ್ಚ (ತೀರ್ಥಹಳ್ಳಿ)

ದಯವಿಟ್ಟು ಸುಡಬೇಡಿ! ನೀವು ಹೇಳಿದ್ದು ಕಂದು ಮರಕುಟಿಗ, ಇಂಗ್ಲಿಷಿನವರ ರೂಫಸ್ ವುಡ್‌ಪೆಕರ್. ವೈಜ್ಞಾನಿಕ ಹೆಸರು ಮೈಕ್ರೊಪ್ಟರ್ನಸ್ ಬ್ರಾಕಿಯೂರಸ್. ಉದ್ದ ಸುಮಾರು 25 ಸೆಂಟಿಮೀಟರ್. ಅದು ಒಳಗೆ ಕೂತಿರುವುದು ಕಾವು ಕೊಡಲು, ತಿನ್ನಲು ಅಲ್ಲ. ಇರುವೆ ಇರುವಾಗಲೇ ಇರುವೆ ಗೂಡನ್ನು ಕೊರೆದು ಅದರೊಳಗೆ ಮೊಟ್ಟೆ ಇಡುವುದು ಈ ಹಕ್ಕಿಯ ಪದ್ಧತಿ. ಸಾಮಾನ್ಯವಾಗಿ ಎರಡು ಮೊಟ್ಟೆ, ಬಿಳಿ ಬಣ್ಣ, ತೆಳ್ಳಗಿನ ಚಿಪ್ಪು. ಕೆಳಗೆ ಹುಲ್ಲು, ಗರಿ ಅಂತ ಏನೂ ಹಾಸುವುದಿಲ್ಲ. ಗಂಡು ಹೆಣ್ಣು ಎರಡೂ ಸೇರಿ ಗೂಡು ಕೊರೆಯುತ್ತವೆ, ಮರಿಗೆ ತಿನ್ನಿಸುವುದೂ ಎರಡೂ.

ಯಾವುದೋ ಒಂದು ಇರುವೆ ಗೂಡಾದರೆ ಸಾಲದು, ಅದಕ್ಕೆ ಬೇಕಾದ್ದು ಕ್ರೆಮಟೊಗ್ಯಾಸ್ಟರ್ ಜಾತಿಯ ಇರುವೆಗಳ ಗೂಡು. ನಿಮ್ಮ ಮರದಲ್ಲಿರುವುದು ಅದೇ ಇರಬೇಕು. ಗುರುತು ಸುಲಭ. ಗೂಡಿನ ಹತ್ತಿರದ ಕೊಂಬೆಗೆ ಒಂದು ಕಡ್ಡಿ ತಾಗಿಸಿ ನೋಡಿ, ಇರುವೆಗಳು ಹಿಂಭಾಗ ಎತ್ತಿ ಬೆನ್ನ ಮೇಲಿಂದ ತಲೆ ಕಡೆಗೆ ಬಗ್ಗಿಸುತ್ತವೆ. ಆ ಹಿಂಭಾಗ ಮೇಲಿಂದ ನೋಡಿದರೆ ಹೃದಯದ ಆಕಾರ, ತುದಿ ಚೂಪು. ತುದಿಯಲ್ಲಿ ಒಂದು ಹನಿ ಬಿಳಿ ದ್ರವ ಬಂದಿರುತ್ತದೆ. ಬೇರೆ ಇರುವೆಗಳ ತರ ಚುಚ್ಚಿ ವಿಷ ಇಳಿಸುವುದಿಲ್ಲ, ಮೈಗೆ ಬಳಿಯುತ್ತವೆ.

ತೋಟದಮನೆ

ಹೌದು ಹೌದು, ಹಿಂಭಾಗ ಎತ್ತುವುದು ನೋಡಿದ್ದೇನೆ. ಕಚ್ಚಿದರೆ ಉರಿಯೂ ಗೊತ್ತು, ಅದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಒಂದು ಅರ್ಥ ಆಗುತ್ತಿಲ್ಲ. ಇದೇ ಹಕ್ಕಿ ಇದೇ ಇರುವೆಯನ್ನು ತಿನ್ನುತ್ತದಾ? ತಿನ್ನುವುದಾದರೆ ಅವು ಹೇಗೆ ಬಿಟ್ಟುಕೊಂಡಿವೆ?

ಹಕ್ಕಿಹುಚ್ಚ

ತಿನ್ನುತ್ತದೆ, ಚೆನ್ನಾಗಿಯೇ ತಿನ್ನುತ್ತದೆ. ಅದರ ಊಟದಲ್ಲಿ ಇರುವೆಯದೇ ದೊಡ್ಡ ಪಾಲು. ಕ್ರೆಮಟೊಗ್ಯಾಸ್ಟರ್ ಇರುವೆ, ಅದರ ಮೊಟ್ಟೆ, ಮರಿಹುಳು, ಮತ್ತೆ ಎಲೆ ಹೊಲಿದು ಗೂಡು ಮಾಡುವ ನಮ್ಮ ಚಗಳಿ ಕೂಡ. ಗೆದ್ದಲೂ ಆಗುತ್ತದೆ. ಆಗಾಗ ಅತ್ತಿ, ಆಲದ ಜಾತಿಯ ಹಣ್ಣು, ಹೂವಿನ ಮಕರಂದ. ಬಾಳೆ ಎಲೆಯ ಬುಡದಲ್ಲಿ ರಸ ಹೀರುವುದನ್ನೂ ನೋಡಿದವರಿದ್ದಾರೆ.

ಇರುವೆ ಏಕೆ ಸುಮ್ಮನಿರುತ್ತವೆ ಎಂಬುದರ ಬಗ್ಗೆ ಕಥೆಗಳು ಬಹಳ, ಗಟ್ಟಿ ಉತ್ತರ ಅಂತ ನಾನು ಒಪ್ಪುವಂಥದ್ದು ಕಡಿಮೆ. ಮೊದಲನೆಯದಾಗಿ ಅವು ಪೂರ್ತಿ ಸುಮ್ಮನಿರುವುದಿಲ್ಲ. ಹಕ್ಕಿ ಹೊರಗೆ ಬಂದು ಪಕ್ಕದ ಕೊಂಬೆ ಮೇಲೆ ಕೂತು ಕಾಲ ಬೆರಳಿನಿಂದ ಒಂದೊಂದೇ ಇರುವೆ ಕಿತ್ತು ನುಂಗುವುದನ್ನು, ಕೊಕ್ಕನ್ನು ತೊಗಟೆಗೆ ಎರಡೂ ಕಡೆ ಉಜ್ಜುವುದನ್ನು ದುರ್ಬೀನಿನಲ್ಲಿ ನೋಡಬಹುದು. ಬ್ರಿಟಿಷರ ಕಾಲದ ಹಕ್ಕಿ ಶೋಧಕರೂ ಒಂದು ವಿಷಯ ಬರೆದಿಟ್ಟಿದ್ದಾರೆ: ಈ ಹಕ್ಕಿಯ ತಲೆ, ಎದೆ, ಬಾಲದ ಗರಿಗಳಿಗೆ ಅಂಟು ಮೆತ್ತಿಕೊಂಡು ಒಂಥರಾ ವಾಸನೆ ಬರುತ್ತದೆ, ಬಾಲದ ಗರಿಯಲ್ಲಿ ಸತ್ತ ಇರುವೆಗಳ ತಲೆಗಳು ಕಚ್ಚಿಕೊಂಡೇ ಇರುತ್ತವೆ ಅಂತ. ಕಚ್ಚಿದ ಇರುವೆಯ ಮೈ ಹರಿದು ಹೋದರೂ ತಲೆ ಬಿಡಲಿಲ್ಲ ಅಂದರೆ ಜಗಳ ನಡೆದಿದೆ ಅಂತಲೇ ಅರ್ಥ.

ಮೆಣಸಿನಬಳ್ಳಿ (ಸಕಲೇಶಪುರ)

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಕ್ಕಿ ಚೆಂದ, ಒಪ್ಪಿದೆ. ಆದರೆ ಆ ಕಪ್ಪಿರುವೆ ತೋಟಗಾರನಿಗೆ ಏನು ಮಾಡುತ್ತದೆ ಅಂತಲೂ ಬರೆಯಿರಿ. ಕಾಫಿ ಗಿಡದ ರಸ ಹೀರುವ ಹಿಟ್ಟು ತಿಗಣೆ, ಹಸಿರು ತಿಗಣೆ ಎರಡನ್ನೂ ಸಾಕುವುದೇ ಈ ಇರುವೆ. ತಿಗಣೆ ಬಿಡುವ ಸಿಹಿ ಅಂಟು ಇವಕ್ಕೆ ಬೇಕು, ಅದಕ್ಕೆ ಕಾವಲು ಕೂರುತ್ತವೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆ ಮಸಿ ಹಿಡಿಯುತ್ತದೆ. ಹಿಟ್ಟು ತಿಗಣೆಗೆ ಅಂತಲೇ 1983ರಲ್ಲಿ ವೆಸ್ಟ್ ಇಂಡೀಸ್ ಕಡೆಯಿಂದ ಲೆಪ್ಟೊಮ್ಯಾಸ್ಟಿಕ್ಸ್ ಎಂಬ ಪುಟ್ಟ ಕಣಜ ತಂದರು, ಅದು ತಿಗಣೆಯ ಮೈಯೊಳಗೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುತ್ತದೆ. ಇರುವೆ ಇದ್ದರೆ ಆ ಕಣಜವನ್ನು ಹತ್ತಿರ ಬರಲು ಬಿಡುವುದಿಲ್ಲ. ತಿಗಣೆ ತಿನ್ನುವ ಗುಲಗಂಜಿ ಹುಳವನ್ನೂ ಓಡಿಸುತ್ತವೆ. ಅದಕ್ಕೇ ತಿಗಣೆ ಹತೋಟಿ ಅಂದರೆ ಮೊದಲು ಇರುವೆ ಹತೋಟಿ ಅಂತ ಹೇಳುವುದು.

ಇನ್ನು ಮೆಣಸು ಕೊಯ್ಯುವವರ ಕಷ್ಟ. ಏಣಿ ಮೇಲೆ ಮೂವತ್ತು ಅಡಿ ಎತ್ತರದಲ್ಲಿ ಒಂದು ಕೈಲಿ ಬಳ್ಳಿ ಹಿಡಿದವನ ಕುತ್ತಿಗೆಯೊಳಗೆ ಇರುವೆ ಇಳಿದರೆ ಅವನು ಹಕ್ಕಿ ನೋಡುತ್ತಾ ಕೂರುವುದಿಲ್ಲ. ಬೀಳುತ್ತಾನೆ. ನಮ್ಮ ಕಡೆ ಬಿದ್ದಿದ್ದಾರೆ. ಹಾಗಾಗಿ ಕೊಯ್ಲಿಗೆ ಮೊದಲು ಸೂಡಿ (ಪಂಜು) ಕಟ್ಟಿ ಗೂಡು ಸುಡುವುದು ಹಿಂದಿನಿಂದ ಬಂದಿದೆ. ಸುಡಬೇಡಿ ಅನ್ನುವುದು ಸುಲಭ.

ಕಿತ್ತಳೆ (ಸಿದ್ದಾಪುರ, ಕೊಡಗು)

ಮೆಣಸಿನಬಳ್ಳಿಯವರ ಮಾತಲ್ಲಿ ನಿಜ ಇದೆ. ನಮ್ಮಲ್ಲೂ ಅದೇ ಜಗಳ. ಆದರೆ ಒಂದು ವ್ಯತ್ಯಾಸ ನೋಡಿ. ತಿಗಣೆ ಹತೋಟಿಗೆ ಬೇಕಾಗಿರುವುದು ಇರುವೆ ಕಾಫಿ ಗಿಡಕ್ಕೆ ಹತ್ತದಂತೆ ತಡೆಯುವುದು. ಹದಿನೈದು ಅಡಿ ಮೇಲಿರುವ ಗೂಡನ್ನು ಸುಡುವುದು ಬೇರೆ ವಿಷಯ. ಇರುವೆ ಮೇಲಿಂದ ಕೆಳಗೆ ಬರುವುದು ನೆರಳು ಮರದ ಜೋತು ಬಿದ್ದ ರೆಂಬೆ ಕಾಫಿ ಗಿಡಕ್ಕೆ ತಾಗಿಕೊಂಡಿರುವ ಕಡೆ, ಇಲ್ಲವೇ ಕಾಂಡದ ಬುಡದಿಂದ. ಆ ರೆಂಬೆ ಕಡಿಸಿ, ಚಿಗುರು ತೆಗೆಸಿ, ಬುಡ ಚೊಕ್ಕಟ ಇಟ್ಟರೆ ಅರ್ಧ ತೊಂದರೆ ಮುಗಿಯುತ್ತದೆ. ನಾವು ಹಾಗೆ ಮಾಡುತ್ತೇವೆ, ತಿಗಣೆ ಪೂರ್ತಿ ಹೋಯಿತು ಅಂತ ಹೇಳುವುದಿಲ್ಲ, ಸುಟ್ಟವರ ತೋಟದಲ್ಲೂ ಪೂರ್ತಿ ಹೋಗಿಲ್ಲ.

ಕೊಯ್ಲಿನವರ ವಿಷಯಕ್ಕೆ ಮಾತ್ರ ನನ್ನ ಹತ್ತಿರ ಜಾಣ ಉತ್ತರ ಇಲ್ಲ. ಗೂಡಿರುವ ಮರವನ್ನು ಕೊನೆಗೆ ಇಟ್ಟುಕೊಳ್ಳಿ ಅನ್ನುತ್ತೇನೆ, ಅಷ್ಟೆ.

ಹಕ್ಕಿಹುಚ್ಚ

ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯ ಮಾತು. ತೊಂದರೆ ಏನೆಂದರೆ ಕ್ಯಾಲೆಂಡರ್ ಈ ಹಕ್ಕಿಗೆ ಸರಿಯಾಗಿ ವಿರುದ್ಧ ಇದೆ. ಇದು ಮರಿ ಮಾಡುವುದು ಫೆಬ್ರವರಿಯಿಂದ ಜೂನ್ ಒಳಗೆ, ಮಳೆ ಹಿಡಿಯುವ ಮೊದಲು. ಮೆಣಸು ಕೊಯ್ಲು ಅದೇ ಹೊತ್ತಿಗೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಮರಗಸಿ (ನೆರಳು ಮರದ ಕೊಂಬೆ ಸವರುವ ಕೆಲಸ) ಶುರು, ಕೊಂಬೆ ಸಮೇತ ಗೂಡು ನೆಲಕ್ಕೆ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಂದ ಮೇಲೆ ತೋಟದಲ್ಲಿ ಏನೇನು ಕೆಲಸ ಇರುತ್ತದೋ ಅಷ್ಟೂ ಅದರ ಬಾಣಂತನದ ಕಾಲದಲ್ಲೇ ಬೀಳುತ್ತದೆ. ಕಾವು 12ರಿಂದ 14 ದಿನ. ಆಮೇಲೆ ಮರಿ ಹಾರುವವರೆಗೆ ಇನ್ನೂ ಕೆಲವು ವಾರ. ತೋಟದಮನೆಯವರು ಹೇಳಿದ ಹಾಗೆ ಒಂದು ಬಂದಾಗ ಇನ್ನೊಂದು ಎದ್ದು ಹೋಗುತ್ತಿದ್ದರೆ ಈಗ ಕಾವಿನಲ್ಲಿದೆ. ಕೊಕ್ಕಿನಲ್ಲಿ, ಗಂಟಲಲ್ಲಿ ತುಂಬಿಕೊಂಡು ಬಂದು ತಟ್ಟನೆ ಹೊರಡಲು ಶುರು ಮಾಡಿದರೆ ಮರಿ ಆಗಿದೆ ಅಂತ ಲೆಕ್ಕ.

ಪಾಠದಮೇಷ್ಟ್ರು (ಹಾಸನ)

ಎರಡು ಪ್ರಶ್ನೆ. ಮಕ್ಕಳು ಕೇಳುತ್ತಾರೆ, ನನಗೂ ಬೇಕು. ಒಂದು, ಮರಕುಟಿಗ ಅಂದ ಮೇಲೆ ಗಟ್ಟಿ ಮರ ಕುಟ್ಟುವುದು ಬಿಟ್ಟು ಇರುವೆ ಗೂಡಿಗೆ ಯಾಕೆ ಬಿತ್ತು? ಎರಡು, ಇಷ್ಟು ಕುಟ್ಟಿದರೂ ಇವಕ್ಕೆ ತಲೆನೋವು ಬರುವುದಿಲ್ಲವಾ? ಪಠ್ಯದಲ್ಲಿ "ತಲೆಬುರುಡೆ ಆಘಾತ ಹೀರುತ್ತದೆ" ಅಂತ ಓದಿಸಿಕೊಂಡು ಬಂದಿದ್ದೇವೆ.

ಹಕ್ಕಿಹುಚ್ಚ

ಮೇಷ್ಟ್ರೇ, ಎರಡನೆಯದಕ್ಕೆ ಮೊದಲು. ಆ ಆಘಾತ ಹೀರುವ ಮಾತು ಈಗ ನಿಲ್ಲುವುದಿಲ್ಲ. 2022ರಲ್ಲಿ ಬೆಲ್ಜಿಯಂನ ಆಂಟ್ವರ್ಪ್ ವಿಶ್ವವಿದ್ಯಾಲಯದವರು ಮುಂದಾಗಿ ಮೂರು ಜಾತಿಯ ಮರಕುಟಿಗಗಳನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದು ಅಳತೆ ಮಾಡಿದರು. ಕೊಕ್ಕು ನಿಂತಷ್ಟೇ ತಟಕ್ಕನೆ ತಲೆಯೂ ನಿಲ್ಲುತ್ತದೆ, ನಡುವೆ ಸ್ಪ್ರಿಂಗ್ ಕೆಲಸ ಏನೂ ಆಗುವುದಿಲ್ಲ. ಯೋಚನೆ ಮಾಡಿದರೆ ಸರಿಯೇ. ಏಟನ್ನು ತಲೆಬುರುಡೆ ಹೀರಿಕೊಂಡರೆ ಮರಕ್ಕೆ ಬೀಳುವ ಏಟು ಕಡಿಮೆ ಆಗುತ್ತದೆ, ಆಗ ಇನ್ನೂ ಜೋರಾಗಿ ಕುಟ್ಟಬೇಕು, ಲಾಭ ಏನು? ತಲೆ ಕೆಡದೆ ಇರುವುದಕ್ಕೆ ಮುಖ್ಯ ಕಾರಣ ಮೆದುಳು ತೀರಾ ಚಿಕ್ಕದು, ಹಗುರ. ಅಷ್ಟು ಚಿಕ್ಕ ಮೆದುಳಿಗೆ ಆ ಏಟು ಅಪಾಯದ ಮಟ್ಟ ಮುಟ್ಟುವುದಿಲ್ಲ.

ಇನ್ನು ನಾಲಿಗೆ. ಇದನ್ನು ಮಕ್ಕಳಿಗೆ ಖಂಡಿತ ಹೇಳಿ. ಮರಕುಟಿಗದ ನಾಲಿಗೆಗೆ ಆಧಾರವಾದ ಮೂಳೆ ಗಂಟಲಿನಿಂದ ಹಿಂದಕ್ಕೆ ಹೋಗಿ, ತಲೆಬುರುಡೆಯ ಹಿಂಬದಿ ಸುತ್ತಿ, ನೆತ್ತಿ ಮೇಲಿಂದ ಮುಂದೆ ಬರುತ್ತದೆ. ಅದಕ್ಕೇ ನಾಲಿಗೆ ಅಷ್ಟು ಉದ್ದ ಹೊರಗೆ ಬರುತ್ತದೆ, ಮೇಲೆ ಅಂಟು ಜೊಲ್ಲು. ಇರುವೆ ಗೂಡಿನ ಒಳದಾರಿಗಳಲ್ಲಿ ಇರುವೆ ಮರಿ ಎಳೆಯಲು ಹೇಳಿ ಮಾಡಿಸಿದ್ದು.

ಮೊದಲನೆಯ ಪ್ರಶ್ನೆಗೆ: ಇದರ ಕೊಕ್ಕು ನೋಡಿ. ಗಿಡ್ಡ, ತುದಿಗೆ ಸ್ವಲ್ಪ ಬಾಗಿದೆ. ಬೇರೆ ದೊಡ್ಡ ಮರಕುಟಿಗಗಳ ಉಳಿ ಕೊಕ್ಕು ಅಲ್ಲ. ಗಟ್ಟಿ ಮರ ಕೊರೆಯುವುದು ಅದಕ್ಕೆ ಕಷ್ಟದ ಕೆಲಸ. ಇರುವೆಗಳ ಗೂಡೋ ಅಗಿದ ನಾರು, ತೊಗಟೆ ಪುಡಿ, ಮಣ್ಣು ಎಲ್ಲ ಸೇರಿಸಿ ಮಾಡಿದ್ದು, ಒಣಗಿದ ಮೇಲೆ ಒರಟು ರಟ್ಟು. ಕೊರೆಯಲು ಸುಲಭ. ಮಳೆ ನೀರು ಜಾರಿ ಹೋಗುತ್ತದೆ. ಮೇಲೆ ಸಾವಿರಗಟ್ಟಲೆ ಕಾವಲುಗಾರರು ಬಿಟ್ಟಿ. ಕೇರೆ ಹಾವು, ಅಳಿಲು, ಮಟಪಕ್ಷಿ ಇವೆಲ್ಲ ಬೇರೆ ಹಕ್ಕಿಗಳ ಪೊಟರೆಗೆ ನುಗ್ಗಿದಷ್ಟು ಸಲೀಸಾಗಿ ಇಲ್ಲಿಗೆ ನುಗ್ಗಲಾರವು ಅಂತ ನನ್ನ ಅನಿಸಿಕೆ.

ಮೆಣಸಿನಬಳ್ಳಿ

ಹಾಗಾದರೆ ಇನ್ನೊಂದು ಕೇಳುತ್ತೇನೆ. ಮರಕುಟಿಗ ಅಂದರೆ ಕಾಫಿ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಹುಳ ತಿನ್ನುತ್ತದೆ, ಅರೇಬಿಕಾ ಕಾಫಿಗೆ ಒಳ್ಳೆಯದು ಅಂತ ಮೊನ್ನೆ ಒಂದು ವಾಟ್ಸಾಪ್ ಮೆಸೇಜ್ ಓಡಾಡುತ್ತಿತ್ತು. ಇದೂ ತಿನ್ನುತ್ತದಾ? ತಿಂದರೆ ನಾನೇ ಗೂಡಿಗೆ ಬಾಡಿಗೆ ಕೊಡುತ್ತೇನೆ.

ಹಕ್ಕಿಹುಚ್ಚ

ಈ ಹಕ್ಕಿಯ ಹೆಸರಲ್ಲಿ ಆ ಆಸೆ ಇಟ್ಟುಕೊಳ್ಳಬೇಡಿ. ಕಾಂಡದೊಳಗೆ ಇಳಿದ ಹುಳವನ್ನು ಕೊರೆದು ತೆಗೆಯುವ ಕೊಕ್ಕು ಇದಲ್ಲ. ಇರುವೆ ತಿನ್ನುತ್ತದೆ, ಅಷ್ಟೇ ಅದರ ಕಸುಬು. ಉಪಯೋಗ ತೋರಿಸಿದರೆ ಮಾತ್ರ ಉಳಿಸುತ್ತೇವೆ ಅನ್ನುವ ಲೆಕ್ಕಾಚಾರವೇ ನನಗೆ ಇಷ್ಟ ಇಲ್ಲ, ಅದು ಬೇರೆ ಮಾತು. ಬಾಡಿಗೆ ಬೇಕಾದರೆ ಹೀಗೆ ಲೆಕ್ಕ ಹಾಕಿ: ನೀವು ಬಯ್ಯುವ ಕಪ್ಪಿರುವೆಯನ್ನು ವರ್ಷವಿಡೀ ತಿನ್ನುವ ಹಕ್ಕಿ ಇದೊಂದೇ. ಗೂಡು ಖಾಲಿ ಮಾಡಿಬಿಡುತ್ತದೆ ಅಂತ ಹೇಳುತ್ತಿಲ್ಲ. ಊಟ ಮುಗಿಸಿಕೊಂಡರೆ ಅದಕ್ಕೇ ನಷ್ಟ ಅಲ್ವಾ.

ಕಿತ್ತಳೆ

"ಇದೊಂದೇ" ಅನ್ನುವುದು ಸ್ವಲ್ಪ ಜಾಸ್ತಿ ಆಯಿತು ಸಾರ್. ಇರುವೆ ತಿನ್ನುವ ಮರಕುಟಿಗ ನಮ್ಮ ತೋಟದಲ್ಲಿ ಇನ್ನೂ ಇವೆ. ನೆಲಕ್ಕಿಳಿದು ಇರುವೆ ಹೆಕ್ಕುವ ಹಸಿರು ಮರಕುಟಿಗ, ಕತ್ತಿನಲ್ಲಿ ಗೀರು ಇರುತ್ತದಲ್ಲ, ಅದೂ ತಿನ್ನುತ್ತದೆ. ವಯನಾಡಿನ ನೆರಳು ಕಾಫಿ ತೋಟಗಳ ಬಗ್ಗೆ 2008ರಲ್ಲಿ ಒಂದು ಅಧ್ಯಯನ ಬಂದಿತ್ತು. ಈ ಕ್ರೆಮಟೊಗ್ಯಾಸ್ಟರ್ ಇರುವೆ ಕಂದು ಮರಕುಟಿಗಕ್ಕೆ ಮಾತ್ರ ಅಲ್ಲ, ಕಾಡಿನ ಬೇರೆ ಹಕ್ಕಿಗಳಿಗೂ ಮುಖ್ಯ ಆಹಾರ ಅಂತ ಅದರಲ್ಲಿ ಇತ್ತು. ಗೂಡು ಸುಟ್ಟರೆ ಹೋಗುವುದು ಒಂದು ಹಕ್ಕಿ ಅಲ್ಲ ಅಂತ ನಾನು ಅದರಿಂದ ತಿಳಿದುಕೊಂಡೆ.

ಹಕ್ಕಿಹುಚ್ಚ

ಸರಿ, "ಇದರಷ್ಟು ಹಚ್ಚಿಕೊಂಡು ತಿನ್ನುವುದು ಬೇರೆ ಇಲ್ಲ" ಅಂತ ಓದಿಕೊಳ್ಳಿ :)

ಕಾಳಿತೀರ (ಗಣೇಶಗುಡಿ)

ತಡವಾಗಿ ಬಂದೆ. ನಾನು ಇಲ್ಲಿ ಪ್ರವಾಸಿಗರಿಗೆ ಹಕ್ಕಿ ತೋರಿಸುವವನು. ಬರುವವರೆಲ್ಲ ಕೇಳುವುದು ಬಿಳಿಹೊಟ್ಟೆಯ ದೊಡ್ಡ ಕಪ್ಪು ಮರಕುಟಿಗ. 48 ಸೆಂಟಿಮೀಟರ್ ಉದ್ದ, ಗಂಡಿಗೆ ಕೆಂಪು ಜುಟ್ಟು, ಫೋಟೋ ಚೆನ್ನಾಗಿ ಬರುತ್ತದೆ. ಇಲ್ಲದಿದ್ದರೆ ಹೃದಯದಾಕಾರದ ಚುಕ್ಕೆ ಇರುವ ಪುಟಾಣಿ ಮರಕುಟಿಗ. ಕಂದು ಮರಕುಟಿಗ ಎದುರಿಗೆ ಕೂತಿದ್ದರೂ ಕ್ಯಾಮೆರಾ ಎತ್ತುವವರು ಕಡಿಮೆ, "ಬರೀ ಬ್ರೌನ್" ಅಂತಾರೆ. ಗಂಡಿಗೆ ಕಣ್ಣಿನ ಕೆಳಗೆ ಒಂದು ಸಣ್ಣ ಕೆಂಪು ಮಚ್ಚೆ ಇರುತ್ತದೆ, ಪಕ್ಕದಿಂದ ಬೆಳಕು ಬಿದ್ದಾಗ ಮಾತ್ರ ಎದ್ದು ಕಾಣುತ್ತದೆ. ಹೆಣ್ಣಿಗೆ ಅದೂ ಇಲ್ಲ.

ಎರಡರ ಬದುಕು ಎಷ್ಟು ಬೇರೆ ನೋಡಿ. ಬಿಳಿಹೊಟ್ಟೆಯದಕ್ಕೆ ದೊಡ್ಡ ಕಾಡು ಬೇಕು, ಎತ್ತರದ ಒಣಮರ ಬೇಕು, ಒಣಮರ ಕಡಿದರೆ ಅದು ಆ ಜಾಗ ಬಿಟ್ಟಿತು. ಕಂದಿಗೆ ಒಣಮರದ ಹಂಗಿಲ್ಲ. ಅರೆ ನಿತ್ಯಹರಿದ್ವರ್ಣ ಕಾಡು, ಎಲೆ ಉದುರುವ ಕಾಡು, ಬಿದಿರು ಮೆಳೆ, ಕಾಫಿ ತೋಟ, ಬೆಟ್ಟದ ಅಂಚು, ಎಲ್ಲಿ ಬೇಕಾದರೂ ಇರುತ್ತದೆ, ಇರುವೆ ಗೂಡು ಇದ್ದರೆ. ಇಲ್ಲಿ ಬಿದಿರಿನ ಗೆಣ್ಣಿನಲ್ಲಿ ಇರುವೆ ಹುಡುಕುತ್ತಾ ಸುತ್ತುವುದನ್ನು ನಾನು ಜಾಸ್ತಿ ನೋಡಿದ್ದೇನೆ. ಹೆಚ್ಚಾಗಿ ಜೋಡಿ. ಬಿದ್ದ ಮರದ ದಿಮ್ಮಿ ಮೇಲೆ, ನೆಲದ ಮೇಲೂ ಇಳಿಯುತ್ತದೆ.

ಹುಡುಕಬೇಕಾದರೆ ಕಿವಿ ಬಳಸಿ. ಕೂಗು ಮೂಗಿನಲ್ಲಿ "ಕೀಂಕ್ ಕೀಂಕ್ ಕೀಂಕ್" ಅಂತ ಮೂರು ಸಲ. ಆದರೆ ಪಕ್ಕಾ ಗುರುತು ಅದರ ಡೋಲು, ಅಂದರೆ ಕೊಕ್ಕಿನಿಂದ ಮರಕ್ಕೆ ಪಟಪಟ ಬಡಿಯುವ ಸದ್ದು. ಬೇರೆ ಮರಕುಟಿಗಗಳು ಡೋಲು ಹೊಡೆದರೆ ಒಂದೇ ವೇಗ, ಇಲ್ಲ ಕೊನೆಗೆ ಜೋರು. ಇದು ರಭಸದಲ್ಲಿ ಶುರು ಮಾಡಿ ಬರಬರುತ್ತಾ ನಿಧಾನ ಆಗುತ್ತದೆ: ಡ್ರ್ರ್ರ್ರ್‌-ಡ್ರ್‌-ಡ್-ಡ್--ಡ್---ಡ್. ಪೆಟ್ರೋಲ್ ಮುಗಿದ ಬೈಕ್ ಆಫ್ ಆದಂತೆ. ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಮತ್ತೆ, ಡೋಲು ಊಟಕ್ಕಾಗಿ ಅಲ್ಲ, ಇದು ನನ್ನ ಜಾಗ ಅಂತ ಸಾರಲು. ಊಟಕ್ಕೆ ಕುಟ್ಟುವ ಸದ್ದು ಬಿಡಿಬಿಡಿ, ಮೆತ್ತಗೆ.

ತೋಟದಮನೆ

ಅಯ್ಯೋ, ಆ ಸದ್ದು ನಮ್ಮ ಮನೆ ಹಿಂದೆ ಡಿಸೆಂಬರಿಂದ ಕೇಳುತ್ತಿದೆ! ಯಾರದೋ ಪವರ್ ಟಿಲ್ಲರ್ ಕೈಕೊಟ್ಟಿದೆ ಅಂತ ಕೆಲಸದವರು ನಗುತ್ತಿದ್ದರು.

ದೂರದೂರು (ಸಿಂಗಾಪುರ)

ಇಲ್ಲಿಂದ ಒಂದು ಮಾತು. ಊರು ಶೃಂಗೇರಿ ಹತ್ತಿರ, ಕೆಲಸ ಇಲ್ಲಿ. ಈ ಹಕ್ಕಿ ಸಿಂಗಾಪುರದಲ್ಲೂ ಇದೆ, ಮ್ಯಾಕ್‌ರಿಚೀ ಕಡೆಯ ಕಾಡಿನಂಚಿನಲ್ಲಿ ಕಾಣಿಸುತ್ತದೆ. ನಮ್ಮ ಸಹ್ಯಾದ್ರಿ, ಶ್ರೀಲಂಕಾ, ಹಿಮಾಲಯದ ತಪ್ಪಲು, ಬರ್ಮಾ, ದಕ್ಷಿಣ ಚೀನಾ, ಅಲ್ಲಿಂದ ಕೆಳಗೆ ಸುಮಾತ್ರಾ, ಜಾವಾ, ಬೋರ್ನಿಯೋವರೆಗೂ ಅದರ ರಾಜ್ಯ. 1818ರಲ್ಲಿ ವಿಯೆಲೋ ಎಂಬ ಫ್ರೆಂಚ್ ವಿಜ್ಞಾನಿ ಇದಕ್ಕೆ ಹೆಸರಿಟ್ಟಿದ್ದು ಜಾವಾದ ಹಕ್ಕಿ ನೋಡಿ. ಇಲ್ಲಿಯದು ಊರಿನದಕ್ಕಿಂತ ಬಣ್ಣದಲ್ಲಿ ಗಾಢ ಅನ್ನಿಸುತ್ತದೆ. ಊರಿನದಕ್ಕೆ ಜೆರ್ಡೋನಿ ಎಂಬ ಉಪಜಾತಿ ಹೆಸರಿದೆ.

ತಮಾಷೆ ಏನೆಂದರೆ ದಕ್ಷಿಣ ಅಮೆರಿಕದಲ್ಲಿ ಸೆಲಿಯಸ್ ಅಂತ ಇನ್ನೊಂದು ಕಂದು ಮರಕುಟಿಗಗಳ ಗುಂಪಿದೆ, ಅವೂ ಇರುವೆ ತಿನ್ನುತ್ತವೆ, ನೋಡಲು ಹೆಚ್ಚುಕಮ್ಮಿ ಇದರ ತರವೇ. ಬಹಳ ಕಾಲ ಇದನ್ನೂ ಅದೇ ಗುಂಪಿಗೆ ಸೇರಿಸಿ ಸೆಲಿಯಸ್ ಬ್ರಾಕಿಯೂರಸ್ ಅಂತ ಬರೆಯುತ್ತಿದ್ದರು. ಹಳೇ ಪುಸ್ತಕದಲ್ಲಿ ಹಾಗೆ ಕಂಡರೆ ಗಾಬರಿಯಾಗಬೇಡಿ. ಡಿಎನ್‌ಎ ನೋಡಿದ ಮೇಲೆ ಇದು ಈ ಕಡೆಯ, ಆಗ್ನೇಯ ಏಷ್ಯಾದ ಮೀಗ್ಲಿಪ್ಟಸ್ ಎಂಬ ಸಣ್ಣ ಮರಕುಟಿಗಗಳ ನೆಂಟ ಅಂತ ಗೊತ್ತಾಯಿತು. ಸಮುದ್ರದ ಆಚೆ ಈಚೆ ಬೇರೆ ಬೇರೆ ಮನೆತನ, ಒಂದೇ ಕಸುಬು, ಒಂದೇ ಬಟ್ಟೆ.

ಪಾಠದಮೇಷ್ಟ್ರು

ಒಳ್ಳೇ ವಿಷಯ. ಈ ಹಕ್ಕಿ ಅಳಿವಿನಂಚಿನಲ್ಲಿ ಇದೆಯಾ?

ದೂರದೂರು

ಇಲ್ಲ. ಐಯುಸಿಎನ್ (ಜೀವಿಗಳ ಅಳಿವಿನ ಅಪಾಯ ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ) ಪಟ್ಟಿಯಲ್ಲಿ ಕಾಳಜಿ ಕಡಿಮೆ ಇರುವ ಗುಂಪಿನಲ್ಲೇ ಇದೆ. ಇಷ್ಟು ದೊಡ್ಡ ಪ್ರದೇಶದಲ್ಲಿ ಹರಡಿರುವುದರಿಂದ ಹಾಗೆ. ಆದರೆ ಪಟ್ಟಿಯಲ್ಲಿ ಕ್ಷೇಮ ಅಂದ ಮಾತ್ರಕ್ಕೆ ಒಂದು ಊರಿನ ತೋಟಗಳಲ್ಲಿ ಕ್ಷೇಮ ಅಂತ ಅಲ್ಲ.

ಕಿತ್ತಳೆ

ಅದನ್ನೇ ಹೇಳಬೇಕು ಅಂತಿದ್ದೆ. ನಮ್ಮಲ್ಲಿ ಗೂಡು ಸುಡುವುದಕ್ಕಿಂತ ದೊಡ್ಡ ಬದಲಾವಣೆ ನೆರಳು ಮರದ್ದು. ಅಪ್ಪನ ಕಾಲದ ತೋಟದಲ್ಲಿ ಬಸರಿ, ಅತ್ತಿ, ಹಲಸು, ನಂದಿ, ಮತ್ತಿ, ಹಾಲುವಾಣ ಎಲ್ಲ ಬೆರಕೆ. ಈಗ ಒಂದು ಮರ ಬಿದ್ದರೆ ಅಲ್ಲಿ ಏಳುವುದು ಸಿಲ್ವರ್ ಓಕ್. ಆಸ್ಟ್ರೇಲಿಯಾದ ಮರ, ಬೇಗ ಬೆಳೆಯುತ್ತದೆ, ನೆಟ್ಟಗಿದೆ, ಮೆಣಸು ಹಬ್ಬಿಸಲು ಸಲೀಸು, ಕಡಿದು ಮಾರುವಾಗ ಪರ್ಮಿಶನ್ ರಗಳೆ ಕಡಿಮೆ. ನನ್ನ ತೋಟದಲ್ಲೂ ಇದೆ, ಬೇರೆಯವರನ್ನು ಬಯ್ಯುತ್ತಿಲ್ಲ. ಆದರೆ ಕಪ್ಪಿರುವೆ ಗೂಡು ನೋಡಬೇಕಾದರೆ ನಮ್ಮಲ್ಲಿ ಹಳೇ ಕಾಡುಮರದ ಕವಲಿನ ಕಡೆಗೇ ಹೋಗಬೇಕು. ಸಿಲ್ವರ್ ಓಕ್ ಸಾಲಿನಲ್ಲಿ ಕೊಂಬೆ ಸವರಿ ಸವರಿ ಕಂಬ ಮಾಡಿಟ್ಟಿರುತ್ತೇವೆ. ಗೂಡು ಕೂರಲು ಕವಲೇ ಇಲ್ಲ. ಅತ್ತಿ, ಬಸರಿ ಹಣ್ಣು ಬಿಟ್ಟಾಗ ಅದೇ ಹಕ್ಕಿ ಹಣ್ಣಿಗೂ ಬರುತ್ತದೆ, ಅದೂ ಹೋಯಿತು.

ಮೆಣಸಿನಬಳ್ಳಿ

ಸಿಲ್ವರ್ ಓಕ್ ಯಾಕೆ ಹಾಕುತ್ತೇವೆ ಅಂತ ಸರ್ಕಾರವನ್ನು ಕೇಳಿ. ಸ್ವಂತ ತೋಟದಲ್ಲಿ ನಾನೇ ಬೆಳೆಸಿದ ನಂದಿ ಕಡಿಯಲು ಕಚೇರಿ ಸುತ್ತಿ ಚಪ್ಪಲಿ ಸವೆದಿದೆ. ಕಾಡುಮರ ಬೆಳೆಸಿದವನಿಗೆ ಶಿಕ್ಷೆ, ಓಕ್ ಬೆಳೆಸಿದವನಿಗೆ ದುಡ್ಡು. ಹಕ್ಕಿ ಪ್ರೇಮಿಗಳು ಇದರ ಬಗ್ಗೆ ಒಂದು ಅರ್ಜಿ ಬರೆಯಲಿ, ನಾನು ಮೊದಲು ಸಹಿ ಹಾಕುತ್ತೇನೆ.

ಹಕ್ಕಿಹುಚ್ಚ

ಈ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ.

ಕಾಳಿತೀರ

ಒಂದು ವಿನಂತಿ, ತೋಟದಮನೆಯವರಿಗೆ. ದಯವಿಟ್ಟು ಜಾಗದ ಗುರುತು ಇಲ್ಲಿ ಹಾಕಬೇಡಿ. ಗೂಡಿನ ಫೋಟೋ ಅಂದರೆ ಜನ ಎಷ್ಟು ದೂರದಿಂದಲೂ ಬರುತ್ತಾರೆ. ಬಂದವರು ರೆಕಾರ್ಡ್ ಮಾಡಿದ ಕೂಗು ಹಾಕುತ್ತಾರೆ, ಅಡ್ಡ ಬರುವ ಎಲೆ ಕಡಿಯುತ್ತಾರೆ. ಡೋಲು ಹಾಕಿದರೆ ಇನ್ನೊಂದು ಗಂಡು ಬಂತು ಅಂತ ಇದು ಕಾವು ಬಿಟ್ಟು ಜಗಳಕ್ಕೆ ಹೊರಡುತ್ತದೆ. ನೀವೇ ಫೋಟೋ ತೆಗೆಯುವುದಾದರೆ ದೂರದ ಕಾಫಿ ಗಿಡದ ಮರೆಯಿಂದ ತೆಗೆಯಿರಿ. ಇ-ಬರ್ಡ್‌ನಲ್ಲಿ (ಹಕ್ಕಿ ನೋಡಿದವರು ದಾಖಲೆ ಹಾಕುವ ಜಾಲತಾಣ) ಹಾಕುವುದಾದರೂ ಮರಿ ಹಾರಿದ ಮೇಲೆ ಹಾಕಿ.

ತೋಟದಮನೆ

ಹಾಕುವುದಿಲ್ಲ. ಕೊಯ್ಲಿನ ಮೇಸ್ತ್ರಿ ಹತ್ತಿರ ಮಾತಾಡಿದೆ. ಆತ ಮೊದಲು ನಕ್ಕ, ಆಮೇಲೆ "ನಮ್ಮ ಕಡೆಯೂ ಇದೆ ಈ ಹಕ್ಕಿ, ಇರುವೆ ಇದಕ್ಕೆ ಕಚ್ಚಲ್ಲ" ಅಂದ. ಕಚ್ಚುತ್ತದೆ, ಇದು ಕಿತ್ತು ತಿನ್ನುತ್ತದೆ ಅಂತ ಹೇಳಿದೆ. ಬಸರಿ ಮರ ಒಂದನ್ನು ಬಿಟ್ಟು ಪಟ್ಟೆ ಪೂರ್ತಿ ಕೊಯ್ಯುವುದು, ಅದನ್ನು ಕೊನೆಯ ಸುತ್ತಿಗೆ ನೋಡುವುದು ಅಂತ ಒಪ್ಪಿಕೊಂಡಿದ್ದಾನೆ. ಒಂದು ಮರಕ್ಕೆ ಏಣಿ ಎರಡನೇ ಸಲ ಹೊರುವುದಕ್ಕೆ ಕೂಲಿ ಬೇರೆ ಕೇಳಿದ. ಕೊಡುತ್ತೇನೆ. ಆ ಮರದ ಸುತ್ತ ಮರಗಸಿಯೂ ಈ ವರ್ಷ ಮಳೆ ಕಳೆದ ಮೇಲೆ. ಕಾಫಿ ಗಿಡಕ್ಕೆ ತಾಗುತ್ತಿದ್ದ ಎರಡು ರೆಂಬೆ ಮಾತ್ರ ಇವತ್ತು ಕೆಳಗಿನಿಂದ ತೆಗೆಸಿದೆ, ಗೂಡಿನಿಂದ ದೂರವೇ ಇತ್ತು, ಹಕ್ಕಿ ತಲೆ ಹೊರಗೆ ಹಾಕಿ ನೋಡಿ ಮತ್ತೆ ಒಳಗೆ ಹೋಯಿತು.

ಮೆಣಸಿನಬಳ್ಳಿ

ತಡ ಮಾಡಿದರೆ ಕೆಂಪಾದ ಕಾಳು ಉದುರುತ್ತದೆ, ಉಳಿದದ್ದನ್ನು ಬೇರೆ ಹಕ್ಕಿಗಳು ತಿನ್ನುತ್ತವೆ. ಬುಡಕ್ಕೆ ನೆಟ್ ಹಾಸಿಬಿಡಿ, ಉದುರಿದ್ದು ಸಿಗುತ್ತದೆ. ಆ ಮರದಲ್ಲಿ ಎಷ್ಟು ಕೆಜಿ ಕಡಿಮೆ ಬಂತು ಅಂತ ಇಲ್ಲಿ ಬರೆಯಿರಿ. ನನ್ನ ತೋಟದಲ್ಲೂ ತೂತು ಬಿದ್ದ ಗೂಡು ಒಂದಿದೆ ಅಂತ ನಮ್ಮ ರೈಟರ್ (ತೋಟದ ಲೆಕ್ಕ ಬರೆಯುವವನು) ನಿನ್ನೆ ಹೇಳಿದ, ಲೆಕ್ಕ ನೋಡಿ ತೀರ್ಮಾನ ಮಾಡುತ್ತೇನೆ.